ವೈರು ಸುತ್ತಿಕೊಂಡ ಹುಡುಗ

ಆ ಭಾನುವಾರ ಹೊಸಮನೆ ಬಡಾವಣೆಯ ಒಂದು ಬೀದಿಯ ಟಿವಿಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದ್ದಕ್ಕೆ ಕಾರಣ ಚೌಡಮ್ಮನ ಒದ್ದೆ ಸೀರೆಗಳು. ತಾರಸಿಯ ಮೇಲೆ ಹಾದುಹೋಗಿದ್ದ ಕೇಬಲ್ ವೈರಿನ ಮೇಲೆ ಆಕೆ ವರ್ಷಗಟ್ಟಲೆ ಬಟ್ಟೆ ಒಣಹಾಕಿದ್ದರಿಂದ, ಅದು ಬಟ್ಟೆಗೆಂದೇ ಕಟ್ಟಿದ ಹಳೇ ವೈರು ಎಂದು ಮೊಮ್ಮಗಳು ರಕ್ಷಾ ನಂಬಿಬಿಟ್ಟಿದ್ದಳು. ಬೆಳಿಗ್ಗೆ ಎದ್ದವಳೇ ಎರಡೂ ತುದಿ ಕತ್ತರಿಸಿ, ಸುರುಳಿ ಸುತ್ತಿ, ಡ್ರಾಯಿಂಗ್ ಮೇಷ್ಟ್ರು ಶಿವಯೋಗಿಯವರ ಮನೆಗೆ ತಂದಳು.

"ಎಲ್ಲಿ ಸಿಕ್ತಮ್ಮ ಇಷ್ಟು ಉದ್ದದ್ದು?"

"ಬಟ್ಟೆ ಒಣಗಿಸೋ ವೈರು ಸಾರ್. ಅಜ್ಜಿಗೆ ಬೇರೆ ಹಗ್ಗ ಕಟ್ಟಿಕೊಟ್ಟು ಬಂದೆ."

ಮಧ್ಯಾಹ್ನ ಭದ್ರಾವತಿಯಲ್ಲಿ ವಿದ್ಯಾರ್ಥಿಗಳ ಕಲಾಸ್ಪರ್ಧೆ. ವಿಷಯ, ಯುವಜನರ ಮೇಲೆ ಮಾಧ್ಯಮಗಳ ಪ್ರಭಾವ. ಬಹುಮಾನ ಬಾರದಿದ್ದರೆ ಒಂಬತ್ತನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದಾಗಿ ಹೆಡ್ಮಾಸ್ಟರ್ ಗಂಗಾಧರಪ್ಪನವರು ಮೊದಲೇ ಹೇಳಿದ್ದರು. ವಾರಕ್ಕೊಂದೇ ಇದ್ದ ಆ ಪೀರಿಯಡ್ಡು ಮೇಷ್ಟ್ರಿಗೆ ಪ್ರಾಣ.

ರಕ್ಷಾ ನೆನೆಸಿದ ಪೇಪರ್ ರುಬ್ಬಿ ಒಬ್ಬ ಹುಡುಗನನ್ನು ಮಾಡಿದ್ದಳು. ಚಕ್ಕಳಮಕ್ಕಳ ಹಾಕಿ ಕೂತಿದ್ದ ಅವನಿಗೆ ಈಗ ಕಾಲಿನಿಂದ ಕತ್ತಿನವರೆಗೆ ವೈರು ಸುತ್ತಿದಳು. ಕೊನೆಯ ತುದಿಯನ್ನು ಅವನ ಕೈಗೇ ಕೊಟ್ಟು ಬಾಯಿಗಿಟ್ಟಳು. ಹುಡುಗ ತನ್ನನ್ನು ಕಟ್ಟಿಹಾಕಿದ ವೈರನ್ನೇ ಬೆಂಡುಬತ್ತಾಸಿನಂತೆ ಸವಿಯುತ್ತಿದ್ದ. ಮೇಷ್ಟ್ರು ಕಲಿಸಿದ್ದು ಬಾಳೆಹಣ್ಣು, ಹೂಜಿ ಬರೆಯುವುದನ್ನು ಮಾತ್ರ. ಇದು ಈ ಹುಡುಗಿಯದೇ ಕಣ್ಣು, ಇವಳದೇ ಕೈ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಗಲೇ ಬಾಗಿಲು ಧಡಧಡ ಬಡಿದ ಸದ್ದು. ಕೇಬಲ್ಲಿನ ಮೂರ್ತಪ್ಪ, ಅವನ ಹಿಂದೆ ಅರ್ಧ ಬೀದಿ. ತಾರಸಿಯಿಂದ ತಾರಸಿಗೆ ವೈರು ಹುಡುಕುತ್ತಾ ಚೌಡಮ್ಮನ ಮನೆಗೆ ಹೋಗಿ, ಅಲ್ಲಿಂದ ಸುಳಿವು ಹಿಡಿದು ಬಂದಿದ್ದರು.

"ಮ್ಯಾಚ್ ಶುರುವಾಗಿದೆ ಮಾರಾಯ್ರೇ! ನನ್ನ ವೈರು ಕೊಡಿ."

"ಸಂಜೆ ತಂದುಕೊಡ್ತೀನಿ ಮೂರ್ತಪ್ಪ. ಈಗ ಬಿಚ್ಚಿದ್ರೆ ಹುಡುಗನ ಕೈ ಮುರಿಯುತ್ತೆ."

"ಸಂಜೆಗೆ ನನ್ನ ಕೈ ಮುರೀತಾರೆ ಇವರು."

ಎದುರುಮನೆ ವೀರಮ್ಮ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಬಂದರು. ಬೈಯಲು ತೆರೆದ ಬಾಯಿ ಗೊಂಬೆಯನ್ನು ಕಂಡು ಹಾಗೇ ನಿಂತಿತು.

"ಅಯ್ಯೋ ಶಿವನೇ, ಇದು ನಮ್ಮ ಜ್ಞಾನೇಶ ಅಲ್ವಾ? ಟಿವಿ ಮುಂದೆ ಕತ್ತು ಹಿಂಗೇ ಮುಂದಕ್ಕೆ ಚಾಚಿರ್ತಾನೆ. ಊಟ ಬಡಿಸಿದ್ರೂ ಗೊತ್ತಾಗಲ್ಲ."

ಹಿಂದೆಯೇ ಬಂದಿದ್ದ ಅವರ ಮಗ ಜ್ಞಾನೇಶ ನಾಚಿಕೊಂಡು ಚಾಚಿದ್ದ ಕತ್ತನ್ನು ಹಿಂದಕ್ಕೆಳೆದುಕೊಂಡ. ಒಬ್ಬೊಬ್ಬರೇ ಸುತ್ತ ನಿಂತು, ತಮ್ಮ ತಮ್ಮ ಮನೆಯ ಮಕ್ಕಳನ್ನು ಅದರಲ್ಲಿ ಗುರುತಿಸಿದರು. ಮೂರ್ತಪ್ಪ ಮಾತ್ರ ಕೂತು ಸುತ್ತುಗಳನ್ನು ಪರೀಕ್ಷಿಸಿದ. "ಸುತ್ತಿರೋದು ಸಡಿಲ ಕಣಮ್ಮ, ದಾರೀಲಿ ಜಾರುತ್ತೆ" ಎಂದು ತಾನೇ ಬಿಗಿ ಮಾಡಿಕೊಟ್ಟ.

ಟಿವಿಯಂತೂ ಇಲ್ಲ, ಮನೆಯಲ್ಲಿ ಕೂತು ಮಾಡುವುದೇನು? ಬೀದಿಯವರೂ ಜೊತೆಗೆ ಬಸ್ ಹತ್ತಿದರು. ಗೊಂಬೆ ಒಂದು ಸೀಟು ಹಿಡಿದಿದ್ದು ನೋಡಿ ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ. ಮೇಷ್ಟ್ರು ಭದ್ರಾವತಿಯವರೆಗೂ ಅದರ ಸೊಂಟ ಹಿಡಿದುಕೊಂಡು, ನಿಂತೇ ಬಂದರು.

ತೀರ್ಪುಗಾರರು ಬೇರೆ ಚಿತ್ರಗಳ ಮುಂದೆ ನಡೆಯುತ್ತಾ ಬಂದವರು ಇದರ ಮುಂದೆ ನಿಂತರು. ಅವರಲ್ಲಿ ಹಿರಿಯರೊಬ್ಬರು ರಕ್ಷಾಳ ಹತ್ತಿರ ಬಂದು, "ನಾನು ಇಷ್ಟು ವರ್ಷ ಚಿತ್ರ ಬರೆದರೂ ಇದು ನನಗೆ ಹೊಳೆದಿರಲಿಲ್ಲ ಮಗು" ಎಂದರು. ಮೇಷ್ಟ್ರು ಅತ್ತೇಬಿಟ್ಟರು. ಮೊದಲ ಬಹುಮಾನ ಎಂದು ಕೂಗಿದಾಗ ಅತಿ ಜೋರಾಗಿ ಚಪ್ಪಾಳೆ ತಟ್ಟಿದ್ದು ಮೂರ್ತಪ್ಪ.

ಬಹುಮಾನವನ್ನು ವೇದಿಕೆಗೆ ಇಬ್ಬರು ಹೊತ್ತು ತಂದರು. ಗಾಂಧಿ ಬಜಾರಿನ ಅಂಗಡಿಯವರೊಬ್ಬರು ಗೆದ್ದ ಶಾಲೆಗೆಂದು ಕೊಟ್ಟ ದೊಡ್ಡ ಕಲರ್ ಟಿವಿ.

ಸ್ಪರ್ಧೆಗೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಹೆಡ್ಮಾಸ್ಟರ್ ಓಡಿಬಂದು ಮೇಷ್ಟ್ರನ್ನು ತಬ್ಬಿಕೊಂಡರು. "ಶಾಲೆ ಹೆಸರು ಉಳಿಸಿದ್ರಿ ಮೇಷ್ಟ್ರೇ. ನಿಮ್ಮ ಪೀರಿಯಡ್ ಗಣಿತಕ್ಕೆ ಕೊಡಲ್ಲ, ನನ್ನ ಮಾತಂದ್ರೆ ಮಾತು."

ಮೇಷ್ಟ್ರು ಕಣ್ಣೊರೆಸಿಕೊಂಡು ಕೈಮುಗಿದರು.

"ಆದ್ರೆ ಮಕ್ಕಳಿಗೆ ಟಿವಿ ತೋರ್ಸೋಕೆ ವಾರಕ್ಕೊಂದು ಪೀರಿಯಡ್ ಬೇಕಲ್ಲ. ಗೆದ್ದುಕೊಟ್ಟವರು ನೀವು, ಆ ಗೌರವ ನಿಮ್ಮ ಪೀರಿಯಡ್ಡಿಗೇ ಸಲ್ಲಬೇಕು."

ಮೇಷ್ಟ್ರು ಮುಗಿದ ಕೈ ಇಳಿಸುವಷ್ಟರಲ್ಲಿ, ಶಾಲೆಗೆ ಕನೆಕ್ಷನ್ ಯಾವತ್ತು ಕೊಡಲಿ ಎಂದು ಮೂರ್ತಪ್ಪ ಹೆಡ್ಮಾಸ್ಟರನ್ನು ಕೇಳುತ್ತಿದ್ದ.