ನಮಿತಾ ಹೋಟೆಲಿನಲ್ಲಿ ಉಂಡದ್ದು

ಮದುವೆಯಾಗಿ ಹತ್ತು ವರ್ಷ ತುಂಬುವ ದಿನ ಹೋಟೆಲಿನಲ್ಲೇ ಊಟ, ಆಕಾಶ ಕೆಳಗೆ ಬಿದ್ದರೂ ಸರಿ, ಎಂದು ನಮಿತಾ ಪೆರ್ಲದ ತನ್ನ ಅಡುಗೆಕೋಣೆಯಲ್ಲಿ ನಿಂತು ಭೀಷಣ ಪ್ರತಿಜ್ಞೆ ಮಾಡಿದಳು. ಕೇಳಿಸಿಕೊಳ್ಳಲು ಅಲ್ಲಿದ್ದದ್ದು ರುಬ್ಬುವ ಕಲ್ಲು ಮತ್ತು ಬೆಕ್ಕು ಮಾತ್ರ. ಗಂಡ ಕೃಷ್ಣಕುಮಾರ ಚಾವಡಿಯಲ್ಲಿ ಕೂತು, ಸ್ವಲ್ಪ ನೀರು ಬೇಕಿತ್ತೆಂದು ಕೂಗುತ್ತಿದ್ದ. ನೀರಿನ ತಂಬಿಗೆ ಅವನ ಮೊಣಕೈಯ ಹತ್ತಿರವೇ ಇತ್ತು.

ಅವಳಿಗೆ ನಾಲಿಗೆಯ ಚಪಲವೇನೂ ಇರಲಿಲ್ಲ. ಹೋಟೆಲಿನವರಿಗಿಂತ ಚೆನ್ನಾಗಿ ತಾನೇ ಮಾಡಬಲ್ಲೆನೆಂಬ ಧೈರ್ಯ ಬೇಕಾದಷ್ಟಿತ್ತು. ಅವಳಿಗೆ ಬೇಕಿದ್ದದ್ದು ಬೇರೆ. ಮೇಜಿನ ಮುಂದೆ ರಾಣಿಯ ಹಾಗೆ ಕೂರಬೇಕು. ಒಬ್ಬ ಬಂದು, ಎಂತ ಬೇಕು, ಎಂದು ಕೇಳಬೇಕು. ಕೇಳಿದ್ದನ್ನು ತಂದು ಇಡಬೇಕು. ಉಂಡು, ಎಂಜಲು ತಟ್ಟೆಯನ್ನು ಅಲ್ಲೇ ಬಿಟ್ಟು, ಹಿಂದೆ ತಿರುಗಿ ನೋಡದೆ ಎದ್ದು ಹೋಗಬೇಕು. ಇಷ್ಟೇ! ಹತ್ತು ವರ್ಷದಲ್ಲಿ ಒಂದು ಸಲ! ಇದೇನು ಇಂದ್ರಪದವಿಯೇ?

ಮನೆಯಲ್ಲಂತೂ ಆ ಯೋಗವಿಲ್ಲ. ಕೃಷ್ಣಕುಮಾರ ಶಾರ್ಜಾದಲ್ಲಿ ದೊಡ್ಡ ಕಂಪೆನಿಯ ಸೂಪರ್‌ವೈಸರ್ ಆಗಿದ್ದವನು. (ಯಾವ ಕಂಪೆನಿ ಎಂದು ಕೇಳಿದರೆ, ಅದೆಲ್ಲ ನಿನಗೆ ಅರ್ಥ ಆಗುವುದಿಲ್ಲ ಎನ್ನುತ್ತಿದ್ದ.) ಊರಿಗೆ ಮರಳಿ ಟೈಲ್ಸ್ ಅಂಗಡಿ ಇಟ್ಟ ಮೇಲೂ ಆ ಗತ್ತು ಇಳಿದಿರಲಿಲ್ಲ. ಒಮ್ಮೆ ನಮಿತಾ ಜ್ವರದಲ್ಲಿ ಮಲಗಿದ್ದಾಗ, "ಗಂಜಿ ಅಲ್ಲೇ ಉಂಟು, ನೀವೇ ಬಡಿಸಿಕೊಳ್ಳಿ, ನನಗೂ ಒಂದು ತಟ್ಟೆ ಕೊಡಿ" ಎಂದದ್ದಕ್ಕೆ ಅವನು ದೀನನಾಗಿ ಹೇಳಿದ್ದ: "ತಟ್ಟೆ ಹಿಡಿದರೆ ನನಗೆ ಕೈ ನಡುಗುತ್ತದೆ ಮಾರಾಯ್ತಿ. ಸಣ್ಣದಿರುವಾಗಲೇ ಹಾಗೆ." ಪಾಪ ಎನಿಸಿ, ಅವಳೇ ಎದ್ದು ಬಡಿಸಿದ್ದಳು.

ಹೋಟೆಲಿಗೆ ಹೊರಟದ್ದು ಇದೇ ಮೊದಲಲ್ಲ. ಆದರೆ ಕಾಸರಗೋಡು ಸೀಮೆಯಲ್ಲಿ ಹೋಟೆಲಿಗೆ ಬರಗಾಲವಿಲ್ಲದಿದ್ದರೂ, ಪ್ರತಿ ಹೋಟೆಲಿನ ಬಾಗಿಲಲ್ಲೂ ಒಬ್ಬ ನೆಂಟ ಹುಟ್ಟಿಕೊಳ್ಳುತ್ತಾನೆ. ತಾನಿರುವ ಊರಿನಲ್ಲಿ ನೆಂಟರು ಹೋಟೆಲಿಗೆ ಹೋದರೆಂದರೆ ಅವನ ಮರ್ಯಾದೆ ಮೂರು ಕಾಸಿಗೆ ಹರಾಜಾದಂತೆ. ಕಳೆದ ಓಣಂ ಸಮಯದಲ್ಲಿ ಪೇಟೆಯ ಹೋಟೆಲೊಂದರ ಮೆಟ್ಟಿಲ ಮೇಲೆ ನಮಿತಾ ಒಂದು ಕಾಲು ಇಟ್ಟದ್ದೇ ತಡ, ಹಿಂದಿನಿಂದ ನೆಕ್ರಾಜೆಯ ಅಮ್ಮಣಿ ಚಿಕ್ಕಮ್ಮನ ಸ್ವರ ಬಂತು.

"ಏ ಕೃಷ್ಣಾ! ನಾವೆಲ್ಲ ಸತ್ತು ಹೋಗಿದ್ದೇವಾ, ನೀನು ಹೋಟೆಲಿಗೆ ನುಗ್ಗಲಿಕ್ಕೆ? ರಿಕ್ಷಾ ಹತ್ತು!"

ನೆಕ್ರಾಜೆ ಮುಟ್ಟಿದ ಮೇಲೆ ಚಿಕ್ಕಮ್ಮ ನಮಿತಾಳ ರೇಷ್ಮೆ ಸೀರೆಯನ್ನು ಬಾಯಿ ತುಂಬ ಹೊಗಳಿ, "ಎರಡೇ ನಿಮಿಷ ಮಗಾ, ಈ ಕಾಯಿ ಒಂದು ತುರಿದು ಕೊಡು" ಎಂದಳು. ಆ ಎರಡು ನಿಮಿಷ ಪಾತ್ರೆ ತೊಳೆಯುವ ತನಕ ಬೆಳೆಯಿತು.

ಇನ್ನೊಮ್ಮೆ ಅನಂತಪುರದ ದೇವಸ್ಥಾನಕ್ಕೆ ಹೋಗಿ, ಕೈಮುಗಿದು, ಈಗಲಾದರೂ ಹೋಟೆಲಿಗೆ ಎಂದು ರಸ್ತೆಗಿಳಿದಾಗ ಚೆನ್ನಯ್ಯ ಮಾವ ಸ್ಕೂಟರನ್ನು ಅಡ್ಡ ನಿಲ್ಲಿಸಿದರು. "ನಾಲ್ಕು ಜನ ನೋಡಿದರೆ ಎಂತ ಹೇಳಿಯಾರು?" ಮಾವನ ಮನೆಯಲ್ಲಿ ಅತ್ತೆಗೆ ಸೊಂಟನೋವು. ಬಂಗುಡೆ ಮೀನು ಕ್ಲೀನು ಮಾಡಿ, ಮಸಾಲೆ ಹಚ್ಚಿ ಕಾಯಿಸಿದ್ದು ಯಾರು? ನಮಿತಾ! ಮಾವ ಅಳಿಯಂದಿರು ಚಾವಡಿಯಲ್ಲಿ ಕೂತು ಇನ್ನೊಂದು ತುಂಡು ಬರಲಿ ಎಂದು ಅಪ್ಪಣೆ ಕೊಡಿಸುತ್ತಿದ್ದರು.

ಹಾಗಾಗಿ ಈ ಸಲ ಅವಳು ಗಂಡನನ್ನು ಕೂರಿಸಿ ವಿಚಾರಣೆ ನಡೆಸಿದಳು.

"ಉಪ್ಪಳದ ಕಡಲ ಬದಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?"

"ಇಲ್ಲಪ್ಪ."

"ನಿಮ್ಮ ಅಜ್ಜಿಯ ತಂಗಿಯ ಮಗಳನ್ನು ಅಲ್ಲಿಗೆ ಕೊಟ್ಟದ್ದು, ಅಂಥದ್ದು ಎಂತದೂ ಇಲ್ಲ ಅಲ್ವಾ? ಸರಿ ನೆನಪು ಮಾಡಿ ಹೇಳಿ."

"ಇಲ್ಲ ಮಾರಾಯ್ತಿ, ದೇವರಾಣೆ!"

ಅಲ್ಲಿ ಹೊಸದಾಗಿ ಒಂದು ಬಿರಿಯಾನಿ ಹೋಟೆಲು ಶುರುವಾದ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಹತ್ತು ವರ್ಷ ತುಂಬಿದ ಆ ಆದಿತ್ಯವಾರ ಮಧ್ಯಾಹ್ನ ಇಬ್ಬರೂ ಸ್ಕೂಟರೇರಿದರು. ದಾರಿಯಲ್ಲಿ ಎಲ್ಲಿಯೂ ಹೆಲ್ಮೆಟ್ ತೆಗೆಯಕೂಡದೆಂದು ನಮಿತಾಳ ಕಟ್ಟಪ್ಪಣೆಯಾಗಿತ್ತು. (ಪೊಲೀಸರಿಗೆ ಹೆದರಿಯಲ್ಲ, ನೆಂಟರಿಗೆ ಹೆದರಿ.) ಕಡಲ ಗಾಳಿ ಮುಖಕ್ಕೆ ಬಡಿದಾಗ ಅವಳಿಗೆ ಕೇಕೆ ಹಾಕುವಷ್ಟು ಖುಷಿಯಾಯಿತು. ನಿಜವಾಗಿಯೂ ಒಂದು ಸಣ್ಣ ಕೇಕೆ ಹಾಕಿಯೂಬಿಟ್ಟಳು. ಸ್ಕೂಟರು ಅಲ್ಲಾಡಿತು.

ಹೋಟೆಲಿನ ಒಳಗೆ ತುಪ್ಪದಲ್ಲಿ ಹುರಿದ ನೀರುಳ್ಳಿಯ ಘಮಘಮ. ನಮಿತಾ ಕುರ್ಚಿ ಎಳೆದು ಕೂತಳು. ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ಸುತ್ತ ನೋಡಿದಳು. ಗುರುತಿನ ಮುಖ ಒಂದೂ ಇಲ್ಲ! "ಇನ್ನು ತೆಗೆಯಿರಿ" ಎಂದಳು. ಕೃಷ್ಣಕುಮಾರ ಹೆಲ್ಮೆಟ್ ತೆಗೆದ.

ಅಷ್ಟೇ. ಗಲ್ಲಾದಲ್ಲಿ ಕೂತಿದ್ದ ದಪ್ಪ ಮೀಸೆಯ ಧಣಿ ಛಂಗನೆ ನೆಗೆದು ಬಂದ.

"ಯಾ ರಬ್ಬೇ! ನಮ್ಮ ಶಾರ್ಜಾದ ಕೃಷ್ಣ ಅಲ್ವಾ ಇದು! ನಾನು ಮಾರಾಯ, ಮಮ್ಮುಂಞಿ! ಒಂದೇ ರೂಮಿನಲ್ಲಿ ಮಲಗಿದವರು ನಾವು. ನೀನು ಹೋಗುವ ಬರುವವರ ಹಾಗೆ ಇಲ್ಲಿ ಕೂತು ತಿನ್ನುವುದಾ? ನನಗೆ ಮನೆ ಇಲ್ವಾ? ಏ ಬೀವೀ! ಅಕ್ಕನನ್ನು ಒಳಗೆ ಕರಕೊಂಡು ಹೋಗು!"

ಹೋಟೆಲಿನ ಹಿತ್ತಿಲಲ್ಲೇ ಮನೆ. ನಮಿತಾಳ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ನೆಂಟರಿಲ್ಲದ ಊರು ಹುಡುಕಿದರೆ ಇಲ್ಲಿ ಸ್ನೇಹಿತ! ಇನ್ನು ಈ ಮನೆಯಲ್ಲಿ ಎಷ್ಟು ಕಾಯಿ ತುರಿಯಲಿಕ್ಕೆ ಉಂಟೋ!

ಆದರೆ ಆಶ್ಚರ್ಯ! ನೆಂಟರು ಕರೆದಲ್ಲೆಲ್ಲ ದನದ ಹಾಗೆ ಹಿಂದೆ ಹೋಗುತ್ತಿದ್ದ ಕೃಷ್ಣಕುಮಾರ ಇಂದು ಎದ್ದು ನಿಂತಿದ್ದ. ಮುಖ ಬೆವರಿತ್ತು. "ಬೇಡ ಮಮ್ಮುಂಞಿ, ಇನ್ನೊಮ್ಮೆ ಬರುತ್ತೇವೆ. ನನಗೆ ಹೊಟ್ಟೆನೋವು. ನಡಿ ನಮಿತಾ, ಬೇಗ ನಡಿ!"

ಕೊನೆಗೂ ಇವರು ನನ್ನ ಪರವಾಗಿ ಬಾಯಿ ಬಿಟ್ಟರಲ್ಲ ಎಂದು ನಮಿತಾಳಿಗೆ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅವನ ತೋಳನ್ನು ಮೆಲ್ಲನೆ ಹಿಡಿದುಕೊಂಡಳು.

ಅಷ್ಟರಲ್ಲಿ ಹೊರಗೆ ಒಂದು ವ್ಯಾನು ಬಂದು ನಿಂತಿತು. ಮದುವೆ ಮಾತುಕತೆ ಮುಗಿಸಿ ಮರಳುತ್ತಿದ್ದ ದೊಡ್ಡ ಗುಂಪು. ಹಸಿದ ಹೊಟ್ಟೆಗಳು ಉಳಿದ ಎಲ್ಲ ಮೇಜುಗಳನ್ನೂ ಹಿಡಿದು ಬಿರಿಯಾನಿ, ಬಿರಿಯಾನಿ ಎಂದು ಗದ್ದಲ ಎಬ್ಬಿಸಿದವು. ಮಮ್ಮುಂಞಿ ತಲೆ ಮೇಲೆ ಕೈ ಹೊತ್ತ.

"ಸಪ್ಲೈಯರುಗಳು ಇಬ್ಬರೂ ಇವತ್ತು ರಜೆ ಮಾರಾಯ! ಕೃಷ್ಣಾ, ಹತ್ತೇ ನಿಮಿಷ ಸ್ವಲ್ಪ ಕೈ ಹಾಕು. ನಿನಗೆ ಇದೆಲ್ಲ ಒಂದು ಲೆಕ್ಕವಾ?"

"ಅಯ್ಯೋ, ಇವರ ಕೈಯಲ್ಲಿ ಆಗುವುದಿಲ್ಲ" ಎಂದು ನಮಿತಾ ಅಡ್ಡ ಬಂದಳು. "ತಟ್ಟೆ ಹಿಡಿದರೆ ಇವರಿಗೆ ಕೈ ನಡುಗುತ್ತದೆ."

"ಯಾರಿಗೆ, ಇವನಿಗಾ?" ಮಮ್ಮುಂಞಿ ಹೊಟ್ಟೆ ಹಿಡಿದು ನಕ್ಕ. "ಶಾರ್ಜಾದ ಕೆಫೆಟೇರಿಯಾದಲ್ಲಿ ನಾನು ಚಾ ಮಾಡುವವ, ಇವ ಸಪ್ಲೈಯರು. ಒಂದು ಕೈಯಲ್ಲಿ ಆರು ಪ್ಲೇಟು ತರುತ್ತಿದ್ದ ಅಕ್ಕ! ಇವನು ತರುವ ಚಂದ ನೋಡಲಿಕ್ಕೇ ಜನ ಬರುತ್ತಿದ್ದರು!"

ನಮಿತಾ ಹಿಡಿದಿದ್ದ ತೋಳನ್ನು ಬಿಟ್ಟಳು.

ಕೃಷ್ಣಕುಮಾರ ಏನೋ ಹೇಳಲು ಬಾಯಿ ತೆರೆದ. ಅದೇ ಹೊತ್ತಿಗೆ ಒಳಗಿನಿಂದ ಅಡುಗೆಯವನು ಪ್ಲೇಟುಗಳನ್ನು ಸಾಲಾಗಿ ಇಟ್ಟು ಗಂಟೆ ಬಾರಿಸಿದ. ಆ ಸದ್ದು ಕೇಳಿದ್ದೇ ಕೃಷ್ಣಕುಮಾರನ ಕೈಕಾಲುಗಳು ಅವನ ಮಾತನ್ನೇ ಕೇಳಲಿಲ್ಲ. ಮುಂಡು ಮೇಲೆ ಕಟ್ಟಿ, ಹೆಗಲಿಗೆ ಬಟ್ಟೆ ಹಾಕಿ, ಎಡಗೈಯ ಮೇಲೆ ಮೊಣಕೈವರೆಗೂ ಪ್ಲೇಟು ಜೋಡಿಸಿಕೊಂಡು ಅವನು ಹೊರಟದ್ದೇನು, ಮೇಜುಗಳ ನಡುವೆ ಸರಸರನೆ ತಿರುಗಿದ್ದೇನು, ಒಂದು ಅಗುಳು ಚೆಲ್ಲದೆ ಇಳಿಸಿದ್ದೇನು! "ಇಲ್ಲಿಗೆ ಎರಡು ಸಾಲಾಡ್! ಅಲ್ಲಿಗೆ ಒಂದು ನೀರು! ಅಜ್ಜ, ಕಾಲು ಸ್ವಲ್ಪ ಬದಿಗೆ!" ಬಡಿಸುವಾಗ ಮುಖದಲ್ಲಿ ನಗೆ ಬೇರೆ! ಮನೆಯಲ್ಲಿ ಆ ನಗೆಯನ್ನು ನಮಿತಾ ಕಂಡದ್ದೇ ಇಲ್ಲ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಜ್ವರದಲ್ಲಿ ಎದ್ದು ಗಂಜಿ ಬಡಿಸಿದ್ದೇನಲ್ಲ! ಈ ಮನುಷ್ಯನಿಗೆ! ಮಮ್ಮುಂಞಿಯ ಹೆಂಡತಿ ಬೀವಿ ಬಂದು ಪ್ರೀತಿಯಿಂದ ಕೈ ಹಿಡಿದು, "ಬನ್ನಿ ಅಕ್ಕ, ಮನೆಗೆ ಹೋಗುವ" ಎಂದಳು.

"ಬೇಜಾರು ಮಾಡಬೇಡಿ ಬೀವಿ" ಎಂದಳು ನಮಿತಾ. "ನಿಮ್ಮ ಮನೆಗೆ ಆಮೇಲೆ ಬಂದು ಚಾ ಕುಡಿಯುತ್ತೇನೆ. ಊಟ ಮಾತ್ರ ನನಗೆ ಇಲ್ಲಿಯೇ ಆಗಬೇಕು."

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದಳು.

"ಸಪ್ಲೈಯರ್!"

ಕೃಷ್ಣಕುಮಾರ ನೀರಿನ ಲೋಟ ಹಿಡಿದು ಬಂದು ನಿಂತ. ಈಗ ಮಾತ್ರ ಅವನ ಕೈ ನಿಜವಾಗಿಯೂ ನಡುಗುತ್ತಿತ್ತು. "ನಮಿತಾ, ಅದು ಎಂತ ಆದದ್ದು ಅಂದರೆ, ಮದುವೆ ಮಾತಾಡುವಾಗ ನಿನ್ನ ಅಪ್ಪ ಕೇಳಿದರು..."

"ತಿನ್ನಲಿಕ್ಕೆ ಎಂತ ಉಂಟು?"

ಅವನು ಸುತ್ತ ನೋಡಿದ. ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. "ಕೋಳಿ ಬಿರಿಯಾನಿ, ಮೀನು ಬಿರಿಯಾನಿ, ನೈಪತ್ತಿರಿ, ಪೊರೋಟ, ಬಂಗುಡೆ ಫ್ರೈ, ಸುಲೈಮಾನಿ ಚಾ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ಕೋಳಿ ಬಿರಿಯಾನಿ ಒಂದು. ಬಂಗುಡೆ ಒಂದು. ಮೇಜು ಮೊದಲು ಸರಿ ಒರೆಸಿ, ಇಲ್ಲಿ ಎಂತದೋ ಅಂಟಿಕೊಂಡಿದೆ."

ಅವನು ಒರೆಸಿದ. ತಂದ. ಬಡಿಸಿದ. ನಮಿತಾ ನಿಧಾನವಾಗಿ, ಒಂದೊಂದು ತುತ್ತಿಗೂ ತಲೆದೂಗುತ್ತ ಉಂಡಳು. ನಡುವೆ ನಿಂಬೆ ಉಪ್ಪಿನಕಾಯಿ ತರಿಸಿದಳು. ಬಿಸಿನೀರು ತರಿಸಿದಳು. ಸುಲೈಮಾನಿ ತಣ್ಣಗಾಗಿದೆ ಎಂದು ವಾಪಸು ಕಳಿಸಿ ಇನ್ನೊಂದು ತರಿಸಿದಳು. ಅಷ್ಟು ಹೊತ್ತಿಗೆ ಅವಳ ಸಿಟ್ಟು ಎಲ್ಲಿಗೆ ಹೋಯಿತೋ, ಒಳಗೊಳಗೇ ನಗು ಒತ್ತಿ ಬರುತ್ತಿತ್ತು. ಕೊನೆಗೆ ಎಂಜಲು ತಟ್ಟೆಯನ್ನು ಅಲ್ಲೇ ಬಿಟ್ಟು, ಹಿಂದೆ ತಿರುಗಿ ನೋಡದೆ ಎದ್ದು ಹೋಗಿ ಕೈ ತೊಳೆದಳು. ಆಹಾ! ಎಂಥ ಸುಖ!

ವ್ಯಾನಿನವರು ಉಂಡು ಹೋಗುವಾಗ ಬಿರಿಯಾನಿಯ ಹಂಡೆಯ ತಳ ಕಂಡಿತ್ತು. ಕೃಷ್ಣಕುಮಾರ ಖಾಲಿ ಹೊಟ್ಟೆಯಲ್ಲಿ, ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತ ಹೆಂಡತಿಯ ಹತ್ತಿರ ಬಂದ.

"ತುಂಬ ಬೇಜಾರಾಯಿತಾ ನಿನಗೆ?"

"ಬೇಜಾರು ಯಾಕೆ ಮಾರಾಯ್ರೆ? ನನಗೆ ಸಂತೋಷ ತಡೆಯಲಿಕ್ಕೇ ಆಗುವುದಿಲ್ಲ!" ಎಂದಳು ನಮಿತಾ. ಅವಳ ಮುಖ ನಿಜವಾಗಿಯೂ ಅರಳಿತ್ತು. "ಹತ್ತು ವರ್ಷದಿಂದ ಊರೆಲ್ಲ ಹೋಟೆಲು ಹುಡುಕಿದ್ದು ನಾನು. ಅದು ನನ್ನ ಮನೆಯಲ್ಲೇ ಉಂಟು ಅಂತ ಇವತ್ತು ಗೊತ್ತಾಯಿತಲ್ಲ. ಹೇಳಿ, ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತೀರಿ?"