ಅಣ್ಣನ ಮುದಿ ಕಾರ್ಡುಗಳು, ನನ್ನ ಸುಳ್ಳು ಬೆರಳು

ನಮ್ಮಣ್ಣನಿಗೆ ಹೊಸ ವಸ್ತು ಕಂಡರೆ ಆಗುವುದಿಲ್ಲ. ಹೊಸ ಚಪ್ಪಲಿ ತಂದುಕೊಟ್ಟರೆ ವರ್ಷಗಟ್ಟಲೆ ಮೂಲೆಯಲ್ಲಿಟ್ಟು, ಅದು ಹಳೆಯದಾದ ಮೇಲೆ ಮೆಟ್ಟಿಕೊಳ್ಳುವ ಮನುಷ್ಯ! ಇಂಥವನು ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಜಗತ್ತಿನ ಅತಿ ಹೊಸ ಹಣದ ಹಿಂದೆ ಬಿದ್ದ ಎಂದರೆ ನಂಬುತ್ತೀರಾ? ನಂಬಿ. ಬೀಳಿಸಿದವನು ನಾನೇ.

ಅಣ್ಣ ಇರುವುದು ಕಮಲಾಪುರದಲ್ಲಿ. ನಲವತ್ತು ವರ್ಷ ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜಿನಲ್ಲಿ ತೊಗರಿ ಪರೀಕ್ಷೆ ಮಾಡಿದವನು. ಹಿಡಿ ಕಾಳನ್ನು ಅಂಗೈಯಲ್ಲಿ ಹೊರಳಿಸಿ, ಒಂದನ್ನು ಕಡಿದು, "ಇದು ಮಳಿ ತಿಂದದ" ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಈಗಲೂ ಅನುಮಾನ ಬಂದರೆ ವ್ಯಾಪಾರಿಗಳು ಕಾಳು ಕಟ್ಟಿಕೊಂಡು ಅವನ ಮನೆಗೆ ಬರುತ್ತಾರೆ. ಹಲ್ಲು ನಾಲ್ಕೇ ಉಳಿದಿವೆ. ನಾಲ್ಕೂ ತೊಗರಿಗೇ ಮೀಸಲು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾನೆ!

ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ಕಂಪ್ಯೂಟರ್ ಆಟದ ಅಂಗಡಿಯೊಂದು ಮುಚ್ಚಿತು. ಆಟದ ಚಿತ್ರ ಮೂಡಿಸುವ ಆರು ಹಳೇ ಗ್ರಾಫಿಕ್ಸ್ ಕಾರ್ಡುಗಳನ್ನು ಮಾಲೀಕ ಗುಜರಿಗೆ ಹಾಕುವವನಿದ್ದ. ಅಂಥ ಕಾರ್ಡು ಬಿಡುವಿಲ್ಲದೆ ಗಣಿತ ಬಿಡಿಸುತ್ತ ಕೂತರೆ ಕ್ರಿಪ್ಟೋ ನಾಣ್ಯ ಸಂಪಾದಿಸುತ್ತದಂತೆ, ಅದಕ್ಕೆ ತೋಡುವುದು ಅನ್ನುತ್ತಾರಂತೆ ಎಂದು ಪೇಪರಿನಲ್ಲಿ ಓದಿದ್ದನ್ನು ನಾನು ತಮಾಷೆಗೆ ಹೇಳಿದೆ. ಅಣ್ಣನ ಕಿವಿಗೆ ಬಿದ್ದದ್ದು 'ಹಳೇ' ಎಂಬ ಒಂದೇ ಮಾತು. ಆರನ್ನೂ ತೊಗರಿ ಚೀಲಕ್ಕೆ ತುಂಬಿ ಬಸ್ ಹತ್ತಿಯೇಬಿಟ್ಟ.

"ಚೀಲದಾಗ ಏನದರಿ, ಮುತ್ಯಾ?" ಎಂದು ಕಂಡಕ್ಟರ್ ಕೇಳಿದನಂತೆ.

"ಆರು ಮುದಿ ಎತ್ತವ. ಟಿಕೀಟ್ ಹರೀತಿ ಏನು?"

ಮೊಬೈಲ್ ರಿಪೇರಿಯವನು ಬಂದು ಜೋಡಿಸಿಕೊಟ್ಟ. ಆದರೆ ತೋಡುವುದು ಯಾವ ನಾಣ್ಯ? ಎಲ್ಲರೂ ಹೆಸರು ಹೇಳುವ ಬಿಟ್‌ಕಾಯಿನ್‌ಗೆ ಬೇರೆಯದೇ ಯಂತ್ರ ಬೇಕು. ಸಣ್ಣ ನಾಣ್ಯಗಳಲ್ಲೂ ಕೆಲವಕ್ಕೆ ದೊಡ್ಡ ಮೆಮೊರಿ ಬೇಕು. ಹಳೇ ಕಾರ್ಡಿಗೆ ಅಷ್ಟು ಹೊಟ್ಟೆ ಇಲ್ಲ. ಅಣ್ಣ ಒಂದೊಂದು ನಾಣ್ಯವನ್ನೂ ಎರಡೆರಡು ದಿನ ಓಡಿಸಿ, ಕಾರ್ಡಿನ ಬೆನ್ನಿಗೆ ಅಂಗೈಯಿಟ್ಟು ಕಾವು ನೋಡಿ, ಫ್ಯಾನಿನ ಸದ್ದಿಗೆ ಕಿವಿಗೊಟ್ಟು, ನಾಲ್ಕು ನಾಣ್ಯಗಳನ್ನು ಆರಿಸಿದ. ಹೆಸರು ಬರೆಯುವುದಿಲ್ಲ, ಬರೆದರೆ ನೀವೂ ಚೀಲ ಹಿಡಿದು ಹೊರಟೀರಿ! ನಾಲ್ಕರಲ್ಲಿ ಮೂರನೆಯದರ ಮೇಲೆ ಅವನಿಗೆ ಭರವಸೆ.

"ಇದು ಕಾರ್ಡಿಗಿ ದಣಸಂಗಿಲ್ಲ ತಮ್ಮಾ. ಇದನ್ನೇ ಹಿಡಕೊಂಡ್ ಕುಂಡ್ರಬೇಕು."

ಕೋಣೆ ಒಲೆಯಂತೆ ಕಾಯತೊಡಗಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಕೆಂಪು ಬಾಳೆಯ ಕಾಯಿಗೊನೆಯನ್ನು ಅಲ್ಲಿ ನೇತುಹಾಕಿದರು. ಎರಡೇ ದಿನಕ್ಕೆ ಹಣ್ಣು!

"ನಾಣ್ಯ ಯಾವಾಗರ ಬರ್ಲಿ ಬಿಡ್ರಿ, ಹಣ್ಣರ ಬಂತಲ್ಲ" ಎಂದರು.

ಇನ್ನು ನನ್ನ ಪಾಪಕ್ಕೆ ಬರುತ್ತೇನೆ. ಅಣ್ಣ ನಾಲ್ಕನೇ ಇಯತ್ತೆ, ನಾನು ಎಸ್ಸೆಸ್ಸೆಲ್ಸಿ ಪಾಸು. ಓದಿದ ತಮ್ಮನನ್ನು ಕೇಳದೆ ಇರಲಾದೀತೇ? ಯಾವ ಕಾರ್ಡಿಗೆ ಯಾವ ನಾಣ್ಯ ಲಾಭ ಎಂದು ತಿಳಿಸುವ ಇಂಗ್ಲಿಷ್ ಪುಟವೊಂದು ಮೊಬೈಲಿನಲ್ಲಿತ್ತು. ಅದನ್ನು ನೋಡಿ, ಪ್ರತಿ ಸೋಮವಾರ ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಯಿಂದ ಕಮಲಾಪುರಕ್ಕೆ ಬಂದು ತಿಳಿಸುವುದು ನನ್ನ ಕೆಲಸ. ಬಾಯಿಂದ ಹೇಳುವ ಹಾಗಿಲ್ಲ! ಹಿಂದೆ ಗಂಜಿನಲ್ಲಿ ಟವೆಲಿನ ಕೆಳಗೆ ಕೈಹಿಡಿದು, ಬೆರಳು ಒತ್ತಿ ಗುಟ್ಟಾಗಿ ದರ ಹೇಳುತ್ತಿದ್ದರಲ್ಲ, ಹಾಗೆ. ಒಂದು ಬೆರಳು ಒತ್ತಿದರೆ ಮೊದಲನೇ ನಾಣ್ಯ, ಎರಡು ಒತ್ತಿದರೆ ಎರಡನೆಯದು.

"ಮನ್ಯಾಗ ನಾವಿಬ್ಬರೇ ಇದ್ದೇವಲ್ಲೋ ಅಣ್ಣಾ!"

"ಗೋಡಿಗಿ ಕಿವಿ ಇರ್ತಾವ. ಬಾಜು ಮನಿಯವರು ಅದನ್ನೇ ತೋಡ್ಲಾಕ ಕುಂತ್ರ?"

ಗೋಡೆಯಾಚೆ ಇದ್ದದ್ದು ಒಂದು ಎಮ್ಮೆ.

ಆ ಪುಟ ತೆರೆದರೆ ಉದ್ದನೆಯ ಪಟ್ಟಿ, ಕೆಂಪು ಹಸಿರು ಅಂಕಿಗಳು. ದೇವರಾಣೆ, ನನಗೆ ಒಂದೂ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನಲು ನಾಚಿಕೆ. ಕನ್ನಡಕ ಏರಿಸಿ, "ಹೂಂ" ಎಂದು ತಲೆದೂಗಿ, ತೋಚಿದಷ್ಟು ಬೆರಳು ಒತ್ತಿಬಿಟ್ಟೆ. ಒಂದು ವಾರ ಒಂದು, ಮರುವಾರ ನಾಲ್ಕು, ಆಮೇಲೆ ಎರಡು. ಮೂರು ಮಾತ್ರ ಒತ್ತಲಿಲ್ಲ. ಅಣ್ಣ ಹೇಳಿದ್ದನ್ನೇ ಹೇಳಿದರೆ ನನ್ನ ಓದಿಗೆ ಏನು ಬೆಲೆ?

ಅಣ್ಣ ಮರುಮಾತಿಲ್ಲದೆ ಆರೂ ಕಾರ್ಡುಗಳನ್ನು ಹೊಸ ನಾಣ್ಯಕ್ಕೆ ತಿರುಗಿಸುತ್ತಿದ್ದ. ತೋಡಿದ್ದು ಒಂದು ಮಟ್ಟ ಮುಟ್ಟಿದ ಮೇಲೆಯೇ ಕೈಗೆ ಬರುವುದೆಂದು ಆಗ ನನಗೆ ತಿಳಿದಿರಲಿಲ್ಲ. ಎಲ್ಲವೂ ಅರ್ಧ ತೋಡಿದ ಬಾವಿಗಳಾಗಿ ನಿಂತವು. ಐದು ತಿಂಗಳಾದರೂ ಒಂದು ಚೂರೂ ಬರಲಿಲ್ಲ. ನನಗೆ ನಗು! ಬಂಧುಬಳಗಕ್ಕೆಲ್ಲ ಹೇಳಿಕೊಂಡು ನಕ್ಕೆ.

ಒಂದು ಸೋಮವಾರ ಹೋದಾಗ ಗಂಜಿನ ವ್ಯಾಪಾರಿಯೊಬ್ಬರು ಕಾಳು ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಅಣ್ಣ ಗಂಟು ಬಿಚ್ಚಲೂ ಬಿಡಲಿಲ್ಲ.

"ಬ್ಯಾರೇದವರಿಗಿ ತೋರ್ಸರಿ ಸಾವಕಾರ್ರ. ನನ್ನ ಪರೀಕ್ಷಾ ಕೆಟ್ಟದ. ನಾ ಚಲೋ ಅಂದ ನಾಣ್ಯ ತಮ್ಮನ ಪಟ್ಟ್ಯಾಗ ಒಂದ್ ವಾರನೂ ಬರ್ಲಿಲ್ಲ."

ಅವರು ಹೋದರು. ಅಣ್ಣ ತನ್ನ ಅಂಗೈಯನ್ನೇ ನೋಡುತ್ತ ಕೂತ, ಬೇರೆಯವರ ಕೈಯನ್ನು ನೋಡುವಂತೆ. ನನ್ನ ನಗು ಅಲ್ಲಿಗೆ ನಿಂತಿತು. ಇನ್ನು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಪುಟ ಓದಲು ಬಾರದ್ದು, ಬೆರಳು ಸುಳ್ಳು, ಮೂರು ಬೇಕಂತಲೇ ಬಿಟ್ಟದ್ದು. ಹೊಡೆದರೆ ಹೊಡೆಯಲಿ ಎಂದು ತಲೆ ತಗ್ಗಿಸಿದೆ.

"ಖರೇನೇನು? ನೀ ಸುಳ್ಳ ಹೇಳಿದ್ದಿ?"

"ಹೌದಣ್ಣಾ."

"ಹಂಗಾದ್ರ ನನ್ನ ಪರೀಕ್ಷಾ ಕೆಟ್ಟಿಲ್ಲ?" ಎನ್ನುತ್ತ ಜಿಗಿದು ಎದ್ದು ವೈನಿಯನ್ನು ಕೂಗಿದ. "ಏ ಇಕಿನ, ಕೇಳಿದ್ಯಾ? ತಮ್ಮ ಸುಳ್ಳ ಹೇಳ್ಯಾನಂತ! ಶಿವನೇ, ಭಾಳ ಚಲೋ ಆತು!"

"ಚಲೋ ಆತಾ? ಐದು ತಿಂಗಳು ಕರೆಂಟು ಸುಟ್ಟೀರಿ ಇಬ್ಬರೂ ಕೂಡಿ!" ಎಂದು ವೈನಿ ಒಳಗಿನಿಂದಲೇ ಗುಡುಗಿದರು.

ಅಣ್ಣನ ಕಿವಿಗೆ ಅದು ಬೀಳಲೇ ಇಲ್ಲ. ವ್ಯಾಪಾರಿಯನ್ನು ಕೂಗಿ ಕರೆಯಲು ಬರಿಗಾಲಲ್ಲೇ ಬೀದಿಗೆ ಓಡಿದ. ಸಿಕ್ಕರು. ಕಾಳು ಕಡಿದು, ತೀರ್ಪು ಹೇಳಿ, ಬಂದು ನನ್ನ ಪಕ್ಕ ಕೂತ. ಏದುಸಿರು ಇನ್ನೂ ಇಳಿದಿರಲಿಲ್ಲ. ಈಗ ಬೈಯುತ್ತಾನೆ ಎಂದುಕೊಂಡೆ. ಅವನು ದನಿ ತಗ್ಗಿಸಿ, ವೈನಿಗೆ ಕೇಳಿಸದ ಹಾಗೆ ಕೇಳಿದ:

"ತಿಳೀಲಿಲ್ಲ ಅಂತ ನನ್ನ ಮುಂದ ಹೇಳ್ಲಾಕೂ ನಾಚಿಕಿ ಆತೇನು ತಮ್ಮಾ? ನನಗರ ಏನ್ ತಿಳೀತದ?"

ವೈನಿ ಊಟಕ್ಕೆ ಕರೆಯುವವರೆಗೂ ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ.