ಕುಕ್ರಿಯನ್ನು ಒರೆಗೆ ಹಚ್ಚಿದ್ದು

ಭಾನುವಾರ ಬೆಳಿಗ್ಗೆ ರೇಣುಕಾಪ್ರಸಾದ್ ಮಾಡಿದ ತಪ್ಪು ಒಂದೇ. ಮನೆ ಮುಂದಿನ ಜಗಲಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂತು ಕಾಫಿ ಕುಡಿದ. ಒಳಗೆ ಅಡುಗೆಮನೆಯಲ್ಲಿ ಕೂತು ಕುಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹುಣಸೂರಿನ ಸುತ್ತಮುತ್ತ ಹೊಗೆಸೊಪ್ಪು ಬೆಳೆಯುವವರಿಗೆಲ್ಲ ಅವನು ಗೊತ್ತು. ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಹದವಾಗಿ ಬಂದ ಎಲೆಯನ್ನು ಬೆಳಕಿಗೆ ಹಿಡಿದು, ಮೂಗಿಗೆ ಹಿಡಿದು, ಇದು ಬ್ರೈಟು, ಇದು ಮೀಡಿಯಮ್ಮು, ಇದು ಲೋ ಗ್ರೇಡು ಎಂದು ವಿಂಗಡಿಸುವುದೇ ಅವನ ಕಸುಬು. ಆದರೆ ಆ ಚಾಳಿ ಸೊಪ್ಪಿಗೆ ಮಾತ್ರ ನಿಲ್ಲಲಿಲ್ಲ. ಪಕ್ಕದ ಮನೆಯವರು ತಂದ ಬೆಂಡೆಕಾಯಿ, ಬೀಗರು ಕೊಟ್ಟ ಮೈಸೂರುಪಾಕು, ಬೀದಿಗೆ ಹೊಸದಾಗಿ ಬಂದ ಸೊಸೆಯ ಕಾಫಿ, ಎಲ್ಲಕ್ಕೂ ಗ್ರೇಡು ಕೊಡುತ್ತಿದ್ದ. ಯಾರೂ ಕೇಳದಿದ್ದರೂ ಕೊಡುತ್ತಿದ್ದ.

ಇಷ್ಟೆಲ್ಲ ಮಾಡಿದರೂ ತನಗೆ ಬೇಕಾದ ಗ್ರೇಡು ಮಾತ್ರ ಸಿಕ್ಕಿರಲಿಲ್ಲ. ಶಿವನ ಗುಡಿಯ ದಾಸೋಹ ಸಮಿತಿಗೆ ಕಾರ್ಯದರ್ಶಿಯಾಗಬೇಕೆಂಬುದು ಅವನ ಎಂಟು ವರ್ಷದ ಆಸೆ. ಎಂಟು ವರ್ಷದಿಂದ ಕಾರ್ತಿಕ ಸೋಮವಾರಗಳಲ್ಲಿ ಬಾಳೆಲೆ ತೊಳೆದಿದ್ದಾನೆ, ಸಾಂಬಾರಿನ ಬಕೆಟ್ಟು ಹೊತ್ತಿದ್ದಾನೆ, ಎಂಟು ಸಲವೂ "ಮುಂದಿನ ಸಲ ನೋಡೋಣ" ಎನ್ನಿಸಿಕೊಂಡಿದ್ದಾನೆ. ಇವತ್ತು ಸಂಜೆ ಐದಕ್ಕೆ ಆಯ್ಕೆಯ ಸಭೆ. ಅಧ್ಯಕ್ಷ ಚಿಕ್ಕಬಸಪ್ಪನವರ ಒಪ್ಪಿಗೆಯೂ ಬೇಕು, ಸುಂದ್ರಮ್ಮನ ಮಹಿಳಾ ಸಂಘದ ಹನ್ನೆರಡು ಓಟೂ ಬೇಕು. ಎದುರಾಳಿ ಗೌರೀಶ್ ಒಂದು ದಿನವೂ ಬಕೆಟ್ಟು ಮುಟ್ಟಿದವನಲ್ಲ, ಆದರೆ ಅವನ ಅಕ್ಷರ ಬಲು ಚೆಂದ.

ಅದೇ ಚಿಕ್ಕಬಸಪ್ಪನವರು ಬೀದಿಯ ಮೇಲ್ತುದಿಯಿಂದ, ಅದೇ ಸುಂದ್ರಮ್ಮ ಕೆಳತುದಿಯಿಂದ ಒಟ್ಟಿಗೇ ಬಂದು ಜಗಲಿಯ ಮುಂದೆ ನಿಂತರು. ಇಬ್ಬರೂ ಹೋದ ವಾರವಷ್ಟೇ ಕಾಶಿ ಮುಗಿಸಿ, ನೇಪಾಳದ ಪಶುಪತಿನಾಥನ ದರ್ಶನ ಮಾಡಿ ಬಂದಿದ್ದರು. ಒಂದು ಬಸ್ಸು, ನಲವತ್ತೆರಡು ಜನ. ಸಾಲಿಗ್ರಾಮದ ಪುಟ್ಟಮಲ್ಲಪ್ಪ, ಅಂದರೆ ರೇಣುಕಾಪ್ರಸಾದನ ಮಾವ, ಅದೇ ಬಸ್ಸಿನಲ್ಲಿದ್ದರು.

"ರೇಣುಕಾ, ಇದನ್ನ ಒಸಿ ನೋಡಪ್ಪ," ಎಂದು ಚಿಕ್ಕಬಸಪ್ಪನವರು ಚರ್ಮದ ಒರೆಯಲ್ಲಿದ್ದ ಡೊಂಕು ಕತ್ತಿಯೊಂದನ್ನು ಅವನ ಕೈಗಿಟ್ಟರು. "ನೇಪಾಳದ ಕುಕ್ರಿ. ಕೈಯಲ್ಲೇ ಬಡಿದು ಮಾಡಿರೋದು. ಎರಡು ಸಾವಿರದ ಎಂಟ್ನೂರು."

"ಎರಡು ಸಾವಿರದ ಎಂಟ್ನೂರಾ!" ಸುಂದ್ರಮ್ಮ ಸೆರಗಿನ ಮರೆಯಿಂದ ತಮ್ಮದನ್ನು ತೆಗೆದರು. "ನೋಡಿ ಇದು. ಅದೇ ಅಂಗ್ಡಿ, ಅದೇ ಕುಕ್ರಿ. ಒಂಬೈನೂರು."

"ಅದು ಮಿಷಿನ್ನಿಂದು."

"ನಿಮ್ಗೆ ಟೋಪಿ ಹಾಕವ್ನೆ."

"ರೇಣುಕನೇ ಹೇಳ್ಲಿ," ಎಂದರು ಇಬ್ಬರೂ.

ಹೀಗೆ ಗ್ರೇಡು ಕೇಳಿಕೊಂಡು ಬಂದವರನ್ನು ಕಂಡು ರೇಣುಕಾಪ್ರಸಾದ್ ಉಬ್ಬಿಹೋದ. ಎರಡನ್ನೂ ಸರ್ರನೆ ಒರೆಯಿಂದ ಎಳೆದ. ಉಗುರಿನಿಂದ ತಟ್ಟಿ ಕಿವಿಗೊಟ್ಟ, ತೂಗಿ ನೋಡಿದ, ರೂಢಿಯ ಮೇಲೆ ಮೂಸಿಯೂ ನೋಡಿದ. ಎರಡರಲ್ಲೂ ಹಿಡಿಯ ಹತ್ತಿರ ಇಲಿ ಕಡಿದಂಥ ಒಂದು ಕಚ್ಚು ಇತ್ತು.

"ಅದು ಶಿವನ ಗುರುತು ಕಣಪ್ಪ," ಎಂದರು ಚಿಕ್ಕಬಸಪ್ಪನವರು. "ಆ ಗುರುತಿಗೇ ಸಾವಿರ ಜಾಸ್ತಿ ತಗೊಂಡ."

"ಆ ಕಚ್ಚು ತೋರ್ಸೇ ಕಣ್ರೀ ನಾನು ಬೆಲೆ ಇಳ್ಸಿದ್ದು! ಕಚ್ಚು ಬಿದ್ದಿರೋ ಕತ್ತಿ ಯಾವನಿಗ್ ಬೇಕು ಅಂದೆ. ತೆಪ್ಪಗೆ ಕೊಟ್ಟ," ಎಂದರು ಸುಂದ್ರಮ್ಮ.

ಆಗ ರೇಣುಕಾಪ್ರಸಾದನಿಗೆ ಸಂಜೆಯ ಸಭೆ ನೆನಪಾಯಿತು. ಅಧ್ಯಕ್ಷರದ್ದು ಮೇಲು ಅಂದರೆ ಹನ್ನೆರಡು ಓಟು ಹೋಯಿತು, ಸುಂದ್ರಮ್ಮನದು ಮೇಲು ಅಂದರೆ ಅಧ್ಯಕ್ಷರು ಹೋದರು. ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಒಮ್ಮೆ ಇದನ್ನು, ಒಮ್ಮೆ ಅದನ್ನು ಎತ್ತಿ ನೋಡುತ್ತಿದ್ದಾಗ, ಹಿಂದಿನ ಬೀದಿಯ ಕರಿಯಪ್ಪ ಹಾಲಿನ ಕ್ಯಾನು ಕಟ್ಟಿದ ಬೈಕು ನಿಲ್ಲಿಸಿದ.

"ಅಯ್ಯಯ್ಯಪ್ಪೋ! ಯಾರು ಅದ್ನ ಒರೆಯಿಂದ ಈಚೆಗ್ ತಗ್ದೋರು?"

"ನಾನೇ. ಯಾಕೆ?"

"ಕುಕ್ರಿ ಕಣಣ್ಣೋ ಅದು! ಈಚೆಗ್ ಬಂದ್ಮ್ಯಾಲೆ ರಕ್ತ ಕುಡೀದೆ ಒಳಿಕ್ ಓಗಾಕಿಲ್ಲ. ನಮ್ ದೊಡ್ಡಪ್ಪನ ಮಗ ಮಿಲ್ಟ್ರೀಲವ್ನೆ, ಅವ್ನೇ ಯೋಳಿದ್ದು. ರಕ್ತ ತೋರ್ಸ್ದೆ ಒರೆಗಾಕುದ್ರೆ ಮನೆಯೋರ್ ರಕ್ತಾನೇ ತಗೊಂತದಂತೆ."

ಮೊಟ್ಟೆಯ ಸಿಪ್ಪೆಯನ್ನೂ ಕಂಡರಿಯದ ಬೀದಿ ಅದು. ಅಲ್ಲಿ ರಕ್ತ ಎಲ್ಲಿಂದ ತರುವುದು?

"ಒಂದ್ ಕೋಳಿ ಇಡ್ಕಂಬರ್ಲಾ ಪರ್ಸಾದಣ್ಣ?" ಎಂದ ಕರಿಯಪ್ಪ, ನಿಜವಾದ ಕಾಳಜಿಯಿಂದ.

"ಶಿವಶಿವಾ!" ಎಂದು ಮೂವರೂ ಒಟ್ಟಿಗೆ ಕಿವಿ ಮುಚ್ಚಿಕೊಳ್ಳಲು ಹೋದರು. ರೇಣುಕಾಪ್ರಸಾದನ ಕೈಯಲ್ಲಿ ಕತ್ತಿಗಳಿದ್ದುದರಿಂದ ಅವನು ಮಾತ್ರ ಸ್ವಲ್ಪದರಲ್ಲಿ ಕಿವಿ ಉಳಿಸಿಕೊಂಡ. ಅವನು ಕತ್ತಿಗಳನ್ನು ಚಾಚಿ, "ತಗೊಳಿ, ನಿಮ್ಮ ನಿಮ್ಮದು ನೀವೇ ಇಟ್ಕೊಳಿ," ಎಂದ. ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು.

"ತಗ್ದೋನು ನೀನು, ಒರೆಗೆ ಹಾಕೋ ಜವಾಬ್ದಾರೀನೂ ನಿಂದೇ," ಎಂದರು ಚಿಕ್ಕಬಸಪ್ಪನವರು. "ಸಂಜೆ ಸಭೆಗೆ ತಂದ್ಬುಡು. ಯಾವ್ದು ಅಸಲಿ ಅನ್ನೋದೂ ಅಷ್ಟ್ರಲ್ಲಿ ಗೊತ್ತಾಗ್ಲಿ."

"ಹೆಂಗೂ ನಮ್ಮೋರು ಹನ್ನೆರಡು ಜನಾನೂ ಬತ್ತಾರೆ. ಎಲ್ರ ಮುಂದೇನೇ ಹೇಳ್ಬುಡಿ," ಎಂದು ಸುಂದ್ರಮ್ಮನೂ ನಡೆದರು.

ಗದ್ದಲ ಕೇಳಿ ಹೊರಗೆ ಬಂದ ಹೆಂಡತಿ ಪುಷ್ಪಾ ವಿಷಯ ತಿಳಿದು ಬಾಗಿಲಿಗೆ ಅಡ್ಡ ನಿಂತಳು. "ಆ ದರಿದ್ರ ಹಿಡ್ಕೊಂಡು ಹೊಸಿಲು ದಾಟಿದ್ರೆ ನೋಡಿ," ಎಂದಳು. ಕೆಳಗಿಡೋಣವೆಂದರೆ ಕರಿಯಪ್ಪ ಬಿಡಲಿಲ್ಲ. ರಕ್ತ ಕಾಣುವ ತನಕ ಕುಕ್ರಿ ನೆಲ ಮುಟ್ಟುವ ಹಾಗಿಲ್ಲವಂತೆ. ಅವನ ದೊಡ್ಡಪ್ಪನ ಮಗನ ಕಾನೂನುಗಳು ಗಳಿಗೆಗೊಂದರಂತೆ ಹೆಚ್ಚುತ್ತಲೇ ಇದ್ದವು.

ಉಪಾಯ ಹೇಳಿದವಳು ಪುಷ್ಪಾನೇ. "ಆಯುಧಪೂಜೇಲಿ ಲಾರಿಗೆ, ಬಸ್ಸಿಗೆ ಏನ್ಮಾಡ್ತಾರೆ? ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೀತಾರೆ. ಅದಕ್ಕಾಗೋದು ಇದಕ್ಕಾಗಲ್ವಾ?" ಎಂದು ಒಂದು ಕುಂಬಳಕಾಯಿಗೆ ತೂತು ಕೊರೆದು, ಕುಂಕುಮದ ನೀರು ತುಂಬಿ, ಮಣೆಯ ಮೇಲಿಟ್ಟು ಹೊರಗೆ ತಳ್ಳಿದಳು. ರೇಣುಕಾಪ್ರಸಾದ್ ದೇವರ ಹೆಸರು ಹೇಳಿ ಎರಡೂ ಕತ್ತಿಗಳನ್ನು ಒಟ್ಟಿಗೆ ಬೀಸಿದ. ಕುಂಬಳಕಾಯಿ ಹೋಳಾಯಿತು, ಮಣೆ ಹೋಳಾಯಿತು, ಪಕ್ಕದಲ್ಲಿದ್ದ ನಲ್ಲಿಯ ಪೈಪೂ ಹೋಳಾಯಿತು. ಕುಂಕುಮದ ನೀರೂ ನಲ್ಲಿಯ ನೀರೂ ಸೇರಿ ಅವನ ಬಿಳಿ ಪಂಚೆ, ಬನೀನು ಎಲ್ಲ ಕೆಂಪಾದವು.

"ಓಗ್ಲಿ ಬುಡು, ಒಸಿ ಕೆಂಪಾಯ್ತಲ್ಲ," ಎಂದು ಕರಿಯಪ್ಪ ಕತ್ತಿಯನ್ನು ಹತ್ತಿರದಿಂದ ನೋಡಿದ. ಆಮೇಲೆ ತಲೆಯಾಡಿಸಿದ. "ಆಗಾಕಿಲ್ಲ ಕಣಣ್ಣ. ಅಷ್ಟ್ ದೂರದಿಂದ ಬಂದಿರೋ ಕತ್ತಿ, ಕುಂಬಳಕಾಯ್ಗೆ ಮೋಸ ಓಯ್ತದಾ?"

ರೇಣುಕಾಪ್ರಸಾದನಿಗೆ ಸಕ್ಕರೆ ಕಾಯಿಲೆ ಇತ್ತು. ತಿಂಗಳಿಗೊಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರದ ಲ್ಯಾಬಿನಲ್ಲಿ ಬೆರಳು ಚುಚ್ಚಿಸಿಕೊಳ್ಳುತ್ತಿದ್ದ. ಸ್ವಂತ ಕೈಯಿಂದ ಚುಚ್ಚಿಕೊಳ್ಳುವ ಧೈರ್ಯ ಅವನಿಗಿಲ್ಲ, ಸೂಜಿ ಕಂಡರೆ ಗೋಡೆಗೆ ಮುಖ ತಿರುಗಿಸುವವನು. ಲ್ಯಾಬಿನ ಹುಡುಗಿ ಹೇಗೂ ಒಂದು ತೊಟ್ಟು ತೆಗೆಯುತ್ತಾಳಲ್ಲ, ಅದನ್ನೇ ಎರಡು ಕತ್ತಿಗೂ ಸವರಿಬಿಟ್ಟರಾಯಿತು ಎಂದು ಹೊಳೆದದ್ದೇ ತಡ, ಕುಕ್ರಿಗಳನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಕರಿಯಪ್ಪನ ಬೈಕಿನ ಹಿಂದೆ ಕೂತ. ಮೈಮೇಲಿನ ಬಟ್ಟೆ ಅವನಿಗೆ ಮರೆತೇ ಹೋಗಿತ್ತು.

ಲ್ಯಾಬಿನಲ್ಲಿ ಹೇಮಶ್ರೀ ಎಂಬ ಹುಡುಗಿ ತಲೆ ಎತ್ತದೆ ಚೀಟಿ ಬರೆಯುತ್ತಿದ್ದಳು. ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು.

"ಏನಾಗ್ಬೇಕಿತ್ತು ಅಂಕಲ್?"

"ರಕ್ತ ಬೇಕಿತ್ತಮ್ಮ," ಎಂದು ಅವನು ಟವಲ್ಲು ಬಿಚ್ಚಿದ.

ಹೇಮಶ್ರೀ ತಲೆ ಎತ್ತಿದಳು. ಕೆಂಪು ಪಂಚೆ ನೋಡಿದಳು, ಕೆಂಪು ಬನೀನು ನೋಡಿದಳು, ಎರಡು ಕತ್ತಿ ನೋಡಿದಳು. ಅವಳು ಕಿರುಚಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿತು. ಮಂಡಿನೋವು, ಎರಡು ಹೆಜ್ಜೆ ಇಡಲಾಗದು ಎಂದು ನರಳುತ್ತಿದ್ದ ಅಜ್ಜ ಒಬ್ಬರು ಎಲ್ಲರಿಗಿಂತ ಮೊದಲು ಕಾಂಪೌಂಡು ಹಾರಿದರು.

"ಅಣ್ಣಾ, ಇವತ್ತು ಬಂದಿರೋದು ಇಷ್ಟೇ, ತಗೊಂಡ್ಹೋಗಣ್ಣಾ," ಎಂದು ಹೇಮಶ್ರೀ ಟೇಬಲ್ಲಿನ ಡ್ರಾಯರನ್ನೇ ಎಳೆದು ಮುಂದಿಟ್ಟಳು.

"ಅಯ್ಯೋ, ಅಲ್ಲ ಕಣಮ್ಮ, ನನ್ನ ರಕ್ತಾನೇ! ನೀನೇ ತೆಗೀಬೇಕು!" ಎಂದು ರೇಣುಕಾಪ್ರಸಾದ್ ಅವಳನ್ನು ಸಮಾಧಾನ ಮಾಡಲು ಒಂದು ಹೆಜ್ಜೆ ಮುಂದೆ ಇಟ್ಟ. ಅವಳು ಕುರ್ಚಿಯಲ್ಲೇ ಜ್ಞಾನ ತಪ್ಪಿದಳು. ಬೀದಿಯಲ್ಲಿ ಜನ ಸೇರುವ ಮೊದಲೇ ಕರಿಯಪ್ಪ ಬೈಕು ಸ್ಟಾರ್ಟ್ ಮಾಡಿದ್ದ.

"ಇನ್ನೊಂದೇ ದಾರಿ ಇರೋದು," ಎಂದ ಕರಿಯಪ್ಪ ಸಂದಿಯೊಂದರಲ್ಲಿ ಬೈಕು ನಿಲ್ಲಿಸಿ. "ಗೋಬಿ ಗಾಡಿ ನೇಪಾಳಿ ಅವ್ನಲ್ಲ, ಅವ್ನನ್ನೇ ಕೇಳ್ಬುಡಾನ."

ಟೇಕ್ ಬಹಾದೂರ್ ಹನ್ನೆರಡು ವರ್ಷದಿಂದ ಹುಣಸೂರಿನಲ್ಲಿ ಗೋಬಿ ಮಂಚೂರಿ ಮಾರುತ್ತಿದ್ದ. ಕೋಸು ಬಿಡಿಸುತ್ತ ಕೂತಿದ್ದವನು ಎರಡೂ ಕುಕ್ರಿಗಳನ್ನು ಕೈಗೆ ತೆಗೆದುಕೊಂಡು, ವಿಷಯ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ರಕ್ತಾನೂ ಇಲ್ಲ ಗಿಕ್ತಾನೂ ಇಲ್ಲ ಸಾರ್. ನಮ್ಮಜ್ಜಿ ಇದ್ರಲ್ಲಿ ಮೂಲಂಗಿ ಹೆಚ್ಚೋರು. ದಿನಾ ತೆಗ್ಯೋರು, ದಿನಾ ಒರೆಗೆ ಹಾಕೋರು."

ರೇಣುಕಾಪ್ರಸಾದನಿಗೆ ಹೋದ ಜೀವ ಬಂದಂತಾಯಿತು. ಕರಿಯಪ್ಪನಿಗೆ ಮಾತ್ರ ಸಿಟ್ಟು ಬಂತು. "ಇವ್ನಿಗೇನ್ ಗೊತ್ತು ಬುಡಣ್ಣ? ಇವ್ನು ಬರೀ ನೇಪಾಳದೋನು. ನಮ್ಮಣ್ಣ ಮಿಲ್ಟ್ರಿಯೋನು," ಎಂದು ಬೈಕು ಹತ್ತಿ ಹೋಗಿಯೇಬಿಟ್ಟ.

"ಅದಿರ್ಲಿ, ಇವೆರಡ್ರಲ್ಲಿ ಯಾವ್ದು ಅಸಲಿ, ಹೇಳಪ್ಪ," ಎಂದ ರೇಣುಕಾಪ್ರಸಾದ್.

ಟೇಕ್ ಬಹಾದೂರ್ ಅಲಗುಗಳನ್ನು ತಿರುಗಿಸಿ, ಬುಡದಲ್ಲಿದ್ದ ಚಂದ್ರನ ಮುದ್ರೆ ತೋರಿಸಿದ. ಎರಡರಲ್ಲೂ ಒಂದೇ ಮುದ್ರೆ. "ಎರಡೂ ಒಬ್ನೇ ಕಮ್ಮಾರನ ಕೈದು ಸಾರ್. ಎರಡೂ ಕೈಯಲ್ಲೇ ಬಡ್ದಿರೋದು, ಒಳ್ಳೇ ಮಾಲು. ಆ ಕಚ್ಚು ಎಲ್ಲಾ ಕುಕ್ರೀಲೂ ಇರ್ತದೆ."

"ಮತ್ತೆ ಒಂದಕ್ಕೆ ಎರಡು ಸಾವಿರದ ಎಂಟ್ನೂರು, ಇನ್ನೊಂದಕ್ಕೆ ಒಂಬೈನೂರು?"

"ಬೆಲೆ ಕತ್ತಿ ನೋಡಿ ಹೇಳಲ್ಲ ಸಾರ್, ಗಿರಾಕಿ ಮುಖ ನೋಡಿ ಹೇಳೋದು."

ಇದನ್ನು ಸಭೆಯಲ್ಲಿ ಹೇಳಿದರೆ ಅಧ್ಯಕ್ಷರು ಎಲ್ಲರೆದುರು ಮಂಗ ಆಗುತ್ತಾರೆ, ಅವರ ಹಿಂದೆಯೇ ತನ್ನ ಕಾರ್ಯದರ್ಶಿಗಿರಿಯೂ ಹೋಗುತ್ತದೆ. ಆದ್ದರಿಂದ ಬಾಯಿ ಬಿಡಬಾರದೆಂದು ತೀರ್ಮಾನಿಸಿ, ಕತ್ತಿ ಹಿಡಿದು ಮನೆಗೆ ಹೋಗುವಂತಿಲ್ಲವಾದ್ದರಿಂದ ಗೋಬಿ ಗಾಡಿಯ ಬಳಿಯೇ ಹೊತ್ತು ಕಳೆದು, ಐದು ಗಂಟೆಗೆ ಸರಿಯಾಗಿ ಕೆಂಪು ಪಂಚೆಯಲ್ಲೇ ಗುಡಿಯ ದಾಸೋಹದ ಹಾಲ್‌ಗೆ ಹೋದ. ಅಲ್ಲಿ ಮರುದಿನದ ಸಾಂಬಾರಿಗೆಂದು ಮೂಲಂಗಿ ರಾಶಿ ಬಿದ್ದಿತ್ತು. ಸಮಿತಿ ಪೂರಾ ಸೇರಿತ್ತು. ಗೌರೀಶ್ ಪುಸ್ತಕ, ಪೆನ್ನು ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ.

"ರಕ್ತ ಏನೂ ಬೇಕಿಲ್ವಂತೆ," ಎಂದ ರೇಣುಕಾಪ್ರಸಾದ್. "ನೇಪಾಳದಲ್ಲಿ ಇದ್ರಲ್ಲಿ ಮೂಲಂಗಿ ಹೆಚ್ತಾರಂತೆ."

ಚಿಕ್ಕಬಸಪ್ಪನವರ ಮುಖ ಸಣ್ಣದಾಯಿತು. "ಎರಡು ಸಾವಿರದ ಎಂಟ್ನೂರು ಕೊಟ್ಟಿದ್ದು ಮೂಲಂಗಿ ಹೆಚ್ಚಕ್ಕಾ? ಎಲ್ಲಿ, ಹೆಚ್ಚು ನೋಡಾನ."

ರೇಣುಕಾಪ್ರಸಾದ್ ಅಧ್ಯಕ್ಷರ ಕುಕ್ರಿ ತೆಗೆದುಕೊಂಡು, ಒಂದು ಮೂಲಂಗಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದ. ಮನೆಯಲ್ಲಿ ಅವನು ಈರುಳ್ಳಿ ಹೆಚ್ಚಿದವನೂ ಅಲ್ಲ. ಡೊಂಕು ಕತ್ತಿ ಎಲ್ಲಿ ಇಳಿಯುತ್ತದೆಂದು ಅವನಿಗೇನು ಗೊತ್ತು? ಮೂಲಂಗಿ ಜೊತೆ ಎಡಗೈ ಹೆಬ್ಬೆರಳೂ ಕುಯ್ದುಹೋಯಿತು.

"ಬಂತು! ರಕ್ತ ಬಂತು!" ಚಿಕ್ಕಬಸಪ್ಪನವರು ಕುರ್ಚಿ ಬಿಟ್ಟೆದ್ದರು. "ನೋಡಿದ್ರಾ? ತಗುಲಿದ್ರೆ ಸಾಕು, ಕುಯ್ತದೆ! ಅಸಲಿ ಅಂದ್ರೆ ಇದು!" ಕುಕ್ರಿಯನ್ನು ಕಿತ್ತುಕೊಂಡು ಕಣ್ಣಿಗೊತ್ತಿ ಒರೆಗೆ ಹಾಕಿದರು. "ನನ್ನ ಓಟು ರೇಣುಕನಿಗೆ!"

ಬೆರಳು ಉರಿಯುತ್ತಿದ್ದರೂ ರೇಣುಕಾಪ್ರಸಾದನಿಗೆ ಖುಷಿಯಾಯಿತು. ಆದರೆ ಸುಂದ್ರಮ್ಮ ಎದ್ದು ನಿಂತಿದ್ದರು.

"ಅದೆಂಗೆ? ನಂದನ್ನ ಮುಟ್ಟೇ ಇಲ್ವಲ್ಲ. ಒಂದಕ್ ಕೊಟ್ಟು ಒಂದಕ್ ಬುಟ್ರೆ ನಾವ್ ಹನ್ನೆರಡು ಜನ ಏನಂದ್ಕಬೇಕು?"

ಹನ್ನೆರಡು ಜನವೂ ಅವನನ್ನೇ ನೋಡಿದರು. ಎಂಟು ವರ್ಷದ ಸಾಂಬಾರಿನ ಬಕೆಟ್ಟುಗಳು ಅವನ ಕಣ್ಣ ಮುಂದೆ ಬಂದವು. ಇನ್ನೊಂದು ತೊಟ್ಟು ತಾನೇ ಎಂದುಕೊಂಡು ಎಡಗೈಯ ಇನ್ನೊಂದು ಬೆರಳು ಚಾಚಿದ.

"ದೇವಸ್ಥಾನದಲ್ಲಿ ಎಡಗೈ ಕೊಡ್ತಾರೇನ್ರೀ? ಬಲಗೈ ಕೊಡಿ," ಎಂದು ಸುಂದ್ರಮ್ಮ ಗದರಿದರು.

ಅವನು ಓಟಿನ ಶಾಯಿ ಹಚ್ಚಿಸಿಕೊಳ್ಳುವ ಹಾಗೆ ಬಲಗೈಯ ತೋರುಬೆರಳು ಚಾಚಿ, ಗೋಡೆಗೆ ಮುಖ ತಿರುಗಿಸಿ ಕಣ್ಣು ಮುಚ್ಚಿದ. ಮುಗಿದ ಮೇಲೆ ಹನ್ನೆರಡು ಕೈ ಮೇಲೆದ್ದವು. ಆಮೇಲೆ ಇಡೀ ಸಮಿತಿ ಅವನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ಬಗ್ಗಿ ಬಗ್ಗಿ ನೋಡಿತು.

"ಅಧ್ಯಕ್ಷರದ್ದು ಉದ್ದ ಬಂದದೆ."

"ಸುಂದ್ರಮ್ಮೋರದ್ದು ಆಳ ಅದೆ, ನೋಡಿ ಇಲ್ಲಿ."

"ಹೆಬ್ಬೆರಳು ಬ್ರೈಟು ಕಣ್ರೀ. ತೋರುಬೆರಳ್ನ ಮೀಡಿಯಮ್ಮು ಅನ್ಬೋದು," ಎಂದರು ಯಾರೋ.

ಅರ್ಧ ಗಂಟೆ ವಾದ ನಡೆದರೂ ಯಾವುದು ಮೇಲೆಂದು ಇತ್ಯರ್ಥವಾಗಲಿಲ್ಲ. ಕೊನೆಗೆ ಎರಡು ಬೆರಳಿಗೂ ದಪ್ಪನೆಯ ಬಟ್ಟೆ ಸುತ್ತಿ, ರೇಣುಕಾಪ್ರಸಾದನೇ ಕಾರ್ಯದರ್ಶಿ ಎಂದು ಸರ್ವಾನುಮತದಿಂದ ಸಾರಿದರು. ಅವನ ಕಣ್ಣಲ್ಲಿ ನೀರೇ ಬಂತು. ಆಗ ಗೌರೀಶ್ ಬಂದು ಪುಸ್ತಕ ಮುಂದಿಟ್ಟ.

"ಕಾರ್ಯದರ್ಶಿಗಳು ಇವತ್ತಿನ ನಡಾವಳಿ ಬರೆದು ಸಹಿ ಹಾಕ್ಬೇಕು ಅಣ್ಣ. ಇವತ್ತೇ ಆಗ್ಬೇಕು, ನಿಯಮ."

ಪೆನ್ನು ಹಿಡಿಯಲು ತೋರುಬೆರಳು ಮಡಿಸಲಾಗಲಿಲ್ಲ. ಮೂರು ಸಲ ಪ್ರಯತ್ನಿಸಿದ, ಮೂರು ಸಲವೂ ಪೆನ್ನು ಉರುಳಿ ಮೂಲಂಗಿ ರಾಶಿಗೆ ಬಿತ್ತು. "ಹೆಬ್ಬೆಟ್ಟಾದ್ರೂ ಒತ್ಬುಡಪ್ಪ," ಎಂದರು ಚಿಕ್ಕಬಸಪ್ಪನವರು. ಗಂಡಸರ ಹೆಬ್ಬೆಟ್ಟು ಎಂದರೆ ಎಡಗೈಯದೇ ಆಗಬೇಕು, ಅದು ಅವರ ಕುಕ್ರಿಯ ಪಾಲಾಗಿತ್ತು. ಸಭೆ ಸ್ವಲ್ಪ ಹೊತ್ತು ಯೋಚಿಸಿ, ತಾತ್ಕಾಲಿಕವಾಗಿ, ಅಂದರೆ ಮೂರು ವರ್ಷದ ಮಟ್ಟಿಗೆ, ಗೌರೀಶನನ್ನು ಕಾರ್ಯದರ್ಶಿ ಮಾಡಿತು.

"ಬೇಜಾರ್ ಮಾಡ್ಕೋಬೇಡ ರೇಣುಕಾ, ಮುಂದಿನ ಸಲ ನೋಡೋಣ," ಎಂದರು ಚಿಕ್ಕಬಸಪ್ಪನವರು.

ದೀಪ ಹಚ್ಚುವ ಹೊತ್ತಿಗೆ ರೇಣುಕಾಪ್ರಸಾದ್ ಕಾಲೆಳೆಯುತ್ತ ಮನೆಗೆ ಬಂದ. ಪುಷ್ಪಾ ಯಾಕೋ ಹೊಸಿಲಿನ ಹೊರಗೇ ನಿಂತಿದ್ದಳು. ಅವಳ ಒಂದು ಕೈಯಲ್ಲಿ ಹಳೆಯ ನ್ಯೂಸ್‌ಪೇಪರು, ಇನ್ನೊಂದು ಕೈಯಲ್ಲಿ ಹೊಳೆಯುವ ಒಂದು ಕುಕ್ರಿ. ಖಾಲಿ ಒರೆ ಕಾಲ ಬಳಿ ಬಿದ್ದಿತ್ತು.

"ಸಾಲಿಗ್ರಾಮದ ಬಸ್ಸಲ್ಲಿ ಅಪ್ಪ ಕಳ್ಸಿದ್ರು ರೀ," ಎಂದಳು ಮೆಲ್ಲಗೆ. "ಸಾವಿರದ ಐನೂರಂತೆ. ಅಳಿಯಂದ್ರು ನೋಡಿ ಯಾವ ಗ್ರೇಡು ಹೇಳ್ಲಿ ಅಂದವ್ರೆ. ಕಾಶಿಗೆ ಹೋಗಿದ್ದ ಬಸ್ಸಲ್ಲಿದ್ದೋರೆಲ್ಲ ಒಂದೊಂದು ತಂದವ್ರಂತೆ, ಅವ್ರೂ ನಿಮ್ಗೇ ಕಳಿಸ್ತಾರಂತೆ. ಪೇಪರ್ ಬಿಚ್ಚುವಾಗ ಒರೆ ಜಾರ್ಬಿಡ್ತು. ನಾನಾಗಿ ತೆಗೀಲಿಲ್ಲ ಕಣ್ರೀ."

ರೇಣುಕಾಪ್ರಸಾದ್ ಬಟ್ಟೆ ಸುತ್ತಿದ ಎರಡೂ ಬೆರಳುಗಳನ್ನು ಎತ್ತಿ ತೋರಿಸಿದ.

"ನಿಮ್ಗೆ ಹೆಂಗೂ ಅಭ್ಯಾಸ ಆಗಿದ್ಯಲ್ಲ," ಎಂದಳು ಪುಷ್ಪಾ.

ಅವನು ಜಗಲಿಯ ಮೇಲೆ ಕೂತು, ಉಳಿದಿದ್ದ ಎಂಟು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ.